ಎಡಗಡೆಯ ಡಬ್ಬಿಯ ಹಿಂದೆ

ಗುಂಡಿ ಒತ್ತಿದ ಕೂಡಲೇ ನನ್ನ ಕಾರು
ಹೆಂಗಸಿನ ದನಿಯಲ್ಲಿ ಏನೋ ಹೇಳುತ್ತದೆ, ಜಪಾನಿಯಲ್ಲಿ.
ಆರು ಚಳಿಗಾಲ ಅದನ್ನು ಆಶೀರ್ವಾದವೆಂದೇ ನಂಬಿದ್ದೆ.
"ನಿನಗೂ ಒಳ್ಳೆಯದಾಗಲಿ ತಾಯಿ" ಅಂದು
ಚಕ್ರಗಳಿಗೆ ನಾಲ್ಕು ಹನಿ ಹಾಲು ಚಿಮುಕಿಸಿ
ಬಾಡಿಗೆಗೆ ಹೊರಡುತ್ತಿದ್ದೆ,
ಗುಡ್ಡದಿಂದ ಕೆಳಗೆ, ಉಲಾನ್‌ಬಾತರಿನ ಹೊಗೆಯ ಬೋಗುಣಿಯೊಳಕ್ಕೆ.

ಮೊನ್ನೆ ಹಿಂದಿನ ಸೀಟಿನ ಕಾಲೇಜು ಹುಡುಗಿ,
ಜಪಾನಿ ಕಲಿಯುವವಳು, ಕಿಸಕ್ಕನೆ ನಕ್ಕಳು:
"ಅಜ್ಜೀ, ಟೋಲಿನ ಕಾರ್ಡು ಹಾಕಿಲ್ಲ ಅಂತಿದೆ ಅದು, ಅಷ್ಟೇ."
ಇಳಿಯುವಾಗ ಮೂಗಿಗೆ ಶಾಲು ಒತ್ತಿಕೊಂಡು ಕೇಳಿದಳು:
"ಕಾರಿನೊಳಗೂ ಒಲೆ ಹಚ್ಚಿದ್ದೀರಾ?"

ಅದಕ್ಕೇ ಈ ಭಾನುವಾರ.
ಮೈನಸ್ ಇಪ್ಪತ್ತಾರು.
ಈ ಚಳಿಗೆ ಪ್ಲಾಸ್ಟಿಕ್ಕು ಹಪ್ಪಳ, ಮುಟ್ಟಿದರೆ ಲಟಕ್.
ಅರ್ಧ ಗಂಟೆ ಹೀಟರು ಹಾಕಿ
ಕಾರಿನ ಮೈ ಬೆಚ್ಚಗಾಗಲೆಂದು ಕಾದೆ.
ಸ್ಟೀರಿಂಗು ಬಲಕ್ಕೆ, ನಾವು ಓಡಿಸುವುದೂ ರಸ್ತೆಯ ಬಲಕ್ಕೆ,
ಬೇಕಾದ್ದು ಮಾತ್ರ ಎಡಕ್ಕೆ.
ಎಡಗಡೆಯ ಡಬ್ಬಿ ಬರಿದು ಮಾಡಿದೆ:
ವಿಮೆಯ ಕಾಗದ,
ಹಲ್ಲಿಗೆ ಸವಾಲು ಹಾಕುವ ಒಣಮೊಸರಿನ ತುಂಡು,
ಯಾರದೋ ಮಗುವಿನ ಒಂಟಿ ಕೈಗವಸು.

ಔಷಧಿ ಒಲ್ಲೆನೆಂಬ ಕೂಸಿನ ಕೆನ್ನೆ ಒತ್ತುವ ಹಾಗೆ
ಎರಡೂ ಬದಿ ಒಳಕ್ಕೊತ್ತಿದೆ.
ಬಾಯಿ ಬಿಟ್ಟು ಜೋತುಬಿತ್ತು.
ಹಿಂದೆ ಕತ್ತಲು. ಕತ್ತಲಲ್ಲಿ ಬಿಳಿ ಮುಚ್ಚಳ.
ತೆಗೆದು ಎಳೆದರೆ

ಏನೆಂದು ಹೇಳಲಿ.
ನಮ್ಮ ಶಾಲೆಯ ಅಕಾರ್ಡಿಯನ್ನಿನ ತಿದಿ
ಬೆಂಕಿಯಲ್ಲಿ ಬಿದ್ದೆದ್ದು ಬಂದ ಹಾಗಿತ್ತು.
ಮಡಿಕೆ ಮಡಿಕೆಗೂ ಮಸಿ,
ಮಸಿಯ ನಡುವೆ ಉಣ್ಣೆಯ ಎಳೆ, ಹುಲ್ಲಿನ ಕಡ್ಡಿ,
ಒಂದು ಮೂಲೆಯಲ್ಲಿ, ಉಗುರಿನಿಂದ ಕೆರೆದಾಗ,
ಐದು ಬೆರಳಿನ ಕೆಂಪೆಲೆ.
ನಮ್ಮ ಗುಡ್ಡಗಳಲ್ಲಿ ಈ ಎಲೆಯ ಮರವಿಲ್ಲ.
ಟೋಲಿನ ಕಾರ್ಡು ಕೇಳುವವಳ ಊರಿನದಿರಬೇಕು.
ಅಂದರೆ, ಅಲ್ಲಿಂದ ಹಡಗು ಹತ್ತಿದಾಗಿನಿಂದ
ಇದನ್ನು ಯಾರೂ ಬದಲಿಸಿಲ್ಲ.
ಯಾರೂ ಅಂದರೆ, ನಾನು.

ಬೇಲಿಯ ಆಚೆಯಿಂದ ಜಮ್ಸ್ರಾನ್ ಕೂಗಿದ:
"ದುಲ್ಮಾ, ಒಲೆಗೆ ಹಾಕು, ಜೋರಾಗಿ ಉರಿಯುತ್ತೆ!"
ಹಳೇ ಬೂಟಿನ ಅಟ್ಟೆಯನ್ನೂ ಬಿಟ್ಟವನಲ್ಲ ಅವನು.
ನನಗೂ ಸರಿಯೆನಿಸಿತು.
ಮನೆಯೊಳಗೆ ಹೋಗಿ ಒಲೆಯ ಮುಚ್ಚಳ ಎತ್ತಿದೆ,
ಎತ್ತಿದ ಕೈ ಅಲ್ಲೇ ನಿಂತಿತು.

ಈ ಒಲೆಯಿಂದ ಕೊಳವೆಗೆ, ಕೊಳವೆಯಿಂದ ಕಣಿವೆಗೆ,
ಕಣಿವೆಯಿಂದ ಕಾರಿನ ಮೂತಿಗೆ,
ಮೂತಿಯಿಂದ ಈ ಮಡಿಕೆಗೆ,
ಮಡಿಕೆಯಿಂದ ಮತ್ತೆ ಈ ಒಲೆಗೆ.
ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರಲ್ಲ,
ಇದು, ಬಿಟ್ಟಿದ್ದನ್ನೇ ಎಳೆದುಕೋ ಮಾರಾಯ್ತಿ.
ಜಮ್ಸ್ರಾನನ ಬೂಟೂ ಇದರಲ್ಲಿದೆ,
ನನ್ನ ಆರು ವರ್ಷದ ರಾತ್ರಿಯಡುಗೆಯೂ.
ನಮ್ಮ ಹೊಗೆಯನ್ನೇ ಕೂರಿಸಿಕೊಂಡು
ಊರೆಲ್ಲ ಸುತ್ತಿಸಿದ್ದೇನೆ, ಒಂದು ಕಾಸು ಕೇಳದೆ.
ಮುಚ್ಚಳ ಮುಚ್ಚಿದೆ.

ಹೊಸದನ್ನು ಕೂರಿಸಿ, ಡಬ್ಬಿ ಸಿಕ್ಕಿಸಿ,
ಚಹಾ ಕುಡಿಯಲು ಕೂತ ಮೇಲೆ ನೆನಪಾಯಿತು ಬಾಣದ ಗುರುತು.
ಮೇಲಕ್ಕಿತ್ತೋ? ಕೆಳಕ್ಕೋ?
ಚಹಾ ಆರಲು ಬಿಟ್ಟು ಮತ್ತೆ ಎಲ್ಲ ಬಿಚ್ಚಿದೆ.
ತಲೆಕೆಳಗಾಗಿತ್ತು.
ಈ ಸಲ ಮೊಳೆಯೊಂದು ಲಟಕ್ಕೆಂದಿತು.
ಜಡೆಯ ರಬ್ಬರು ತೆಗೆದು ಕಟ್ಟಿದೆ.
ಕೂದಲು ಬಿಚ್ಚಿಕೊಂಡು ಅಲ್ಲೇ ಕೂತು
ಗಾಳಿಯ ಗುಬುಟು ತಿರುಗಿಸಿದೆ.

ಏನೂ ವಾಸನೆಯಿಲ್ಲ.
ಮನೆ ಬದಲಿಸಿದ ಮೊದಲ ರಾತ್ರಿಯ ಹಾಗೆ
ಒಂದು ಗಳಿಗೆ ಗಾಬರಿಯಾಯಿತು.

ಹಳೆಯದು ಡಿಕ್ಕಿಯಲ್ಲಿದೆ, ಗೋಣಿಚೀಲದಲ್ಲಿ.
ಎಲ್ಲಿ ಎಸೆದರೆ ಅದು ಮರಳಿ ಬರುವುದಿಲ್ಲವೋ
ಆ ಜಾಗ ಗೊತ್ತಾಗುವವರೆಗೆ ಅಲ್ಲೇ ಇರಲಿ.
ಕೆಂಪೆಲೆ ಮಾತ್ರ ವಿಮೆಯ ಕಾಗದದ ನಡುವೆ.

ಬೆಳಿಗ್ಗೆ ಗುಂಡಿ ಒತ್ತಿದೆ.
ಅವಳು ಹೇಳಿದಳು, ಅದೇ ಮಾತು.
"ಇಲ್ಲ ತಾಯಿ, ಹಾಕಿಲ್ಲ" ಅಂದೆ,
"ಆದರೆ ನೋಡು, ಬೇರೆ ಏನೋ ಹಾಕಿದ್ದೇನೆ."